ಕಲ್ಲಿನಡಿಯ ಕರಿ ಜೀರುಂಡೆಯ ಕುಲ ಯಾವುದು?

ಪ್ರಶ್ನೆ: ಎತ್ತರದ ಬೆಟ್ಟವೊಂದರಲ್ಲಿ, ಹಿಮ ಕರಗಿ ಹರಿಯುವ ತೊರೆಯ ಪಕ್ಕದ ಕಲ್ಲಿನಡಿ ಸುಮಾರು 11 ಮಿ.ಮೀ. ಉದ್ದದ ಕಪ್ಪು ಜೀರುಂಡೆ ಸಿಕ್ಕಿತು. ಮುಟ್ಟಿದರೆ ಹಾರದೆ ಓಡಿತು. ಮೊಬೈಲ್ ಆ್ಯಪ್ ಇದನ್ನು ನೆಲಜೀರುಂಡೆಗಳ ಒಂದು ಕುಲವಾದ ‘ಕ್ಯಾರಬಸ್’ ಎಂದು ತೋರಿಸುತ್ತಿದೆ. ಗೆಳೆಯರೊಬ್ಬರು ಇದು ನೆಲಜೀರುಂಡೆಯೇ ಅಲ್ಲ, ಟೆನೆಬ್ರಿಯಾನಿಡೇ ಕುಟುಂಬದ್ದು ಎನ್ನುತ್ತಾರೆ. ಬೆನ್ನಿನ ಮತ್ತು ಹೊಟ್ಟೆಯ ಕಡೆಯ ಚಿತ್ರಗಳನ್ನು ಕಳುಹಿಸಿದ್ದೇನೆ. ಯಾರ ಮಾತು ಸರಿ?

ಉತ್ತರ: ಹೊಟ್ಟೆಯ ಕಡೆಯ ಚಿತ್ರವನ್ನೂ ಕಳುಹಿಸಿದ್ದು ಒಳ್ಳೆಯದಾಯಿತು. ಬೆನ್ನಿನ ಚಿತ್ರವೊಂದೇ ಇದ್ದಿದ್ದರೆ ನಾನೂ ಊಹೆ ಮಾಡಬೇಕಾಗುತ್ತಿತ್ತು. ನಿಮ್ಮ ಗೆಳೆಯರ ಅನುಮಾನ ಅಸಹಜವಲ್ಲ, ಏಕೆಂದರೆ ಕಪ್ಪಾಗಿ, ಹಾರದೆ, ಕಲ್ಲಿನಡಿ ಬದುಕುವ ಜೀರುಂಡೆಗಳು ಆ ಕುಟುಂಬದಲ್ಲಿಯೂ ಬಹಳ ಇವೆ. ಆದರೆ ಹಿಂಗಾಲುಗಳ ಬುಡದ ಫಲಕಗಳನ್ನು ನೋಡಿ. ಅವು ಅಲುಗಾಡದಂತೆ ದೇಹಕ್ಕೆ ಬೆಸೆದುಕೊಂಡು, ಉದರದ ಮೊದಲ ಪಟ್ಟಿಯನ್ನು ನಡುವೆ ಪೂರ್ತಿಯಾಗಿ ಸೀಳಿ, ಎಡಬಲಗಳಲ್ಲಿ ಒಂದೊಂದು ತುಂಡನ್ನು ಮಾತ್ರ ಉಳಿಸಿವೆ. ಇದು ಅಡೆಫಾಗ ಎಂಬ ಉಪಗಣದ ಗುರುತು. ತೊಡೆಯ ಬುಡಕ್ಕೆ ಅಂಟಿಕೊಂಡಂತಿರುವ, ಬೀಜದಾಕಾರದ ದೊಡ್ಡ ಉಬ್ಬೂ ಅದಕ್ಕೆ ಹೊಂದುತ್ತದೆ. ಈ ಉಪಗಣದಲ್ಲಿ ನೀರಿನಲ್ಲಿ ಈಜುವ ಜೀರುಂಡೆಗಳೂ ಇವೆಯಾದರೂ ನಿಮ್ಮದರ ಕಾಲುಗಳು ಸಪೂರವಾಗಿದ್ದು ಓಟಕ್ಕೆ ಹೇಳಿ ಮಾಡಿಸಿದಂತಿವೆ. ಆದ್ದರಿಂದ ಇದು ಸುಮಾರು 40,000 ಪ್ರಭೇದಗಳಿರುವ ಕ್ಯಾರಬಿಡೇ, ಅಂದರೆ ನೆಲಜೀರುಂಡೆಗಳ ಕುಟುಂಬಕ್ಕೇ ಸೇರಿದ್ದು.

ಗೆಳೆಯರಿಗೆ ತೋರಿಸಲು ಇನ್ನೊಂದು ಸುಲಭದ ಪುರಾವೆಯಿದೆ. ಪಾದದ ಗೆಣ್ಣುಗಳನ್ನು ಎಣಿಸಿ. ಟೆನೆಬ್ರಿಯಾನಿಡೇಗಳಲ್ಲಿ ಮುಂಗಾಲು ಮತ್ತು ನಡುಗಾಲುಗಳಿಗೆ ಐದೈದು, ಹಿಂಗಾಲಿಗೆ ನಾಲ್ಕೇ ಗೆಣ್ಣು. ನೆಲಜೀರುಂಡೆಗೆ ಆರೂ ಕಾಲುಗಳಲ್ಲಿ ಐದು. ಎರಡು ಹಿಂಗಾಲುಗಳನ್ನೂ ಎಣಿಸಬೇಕು, ಏಕೆಂದರೆ ತುದಿ ಮುರಿದ ಪಾದವನ್ನು ನಂಬಿ ನಾನೇ ಒಮ್ಮೆ ಒಂದು ಮಾದರಿಯನ್ನು ಬೇರೆ ಪೆಟ್ಟಿಗೆಗೆ ಸೇರಿಸಿಬಿಟ್ಟಿದ್ದೆ.

ಇನ್ನು ಆ್ಯಪ್‌ನ ಮಾತು. ಕುಟುಂಬದ ಮಟ್ಟಿಗೆ ಅದು ಸರಿಯಾಗಿದೆ, ಕುಲದಲ್ಲಿ ತಪ್ಪಿದೆ. ತಪ್ಪಿದ್ದರೂ ಬಹಳ ದೂರ ಹೋಗಿಲ್ಲ. ಮುಂಗಾಲಿನ ಜಂಘೆಯ, ಅಂದರೆ ತೊಡೆಗೂ ಪಾದಕ್ಕೂ ನಡುವಿನ ಭಾಗದ, ಒಳಬದಿಯಲ್ಲಿ ನೆಲಜೀರುಂಡೆಗಳು ಕುಡಿಮೀಸೆಯನ್ನು ಎಳೆದು ಒರೆಸಿಕೊಳ್ಳುವ ಒಂದು ಸಾಧನವಿರುತ್ತದೆ. ಪರ್ವತಗಳಲ್ಲಿ ಸಾಮಾನ್ಯವಾಗಿ ಸಿಗುವ ಟ್ರೆಕಸ್, ಪ್ಟೆರೋಸ್ಟಿಕಸ್ ಮೊದಲಾದ ಕುಲಗಳಲ್ಲಿ ಅಲ್ಲಿ ಆಳವಾದ ಕಚ್ಚು ಇದ್ದು, ಜಂಘೆಯ ಎರಡು ಮುಳ್ಳುಗಳಲ್ಲಿ ಒಂದು ತುದಿಯಿಂದ ಮೇಲಕ್ಕೆ ಸರಿದು ಆ ಕಚ್ಚಿನ ಬಳಿ ನಿಂತಿರುತ್ತದೆ. ಕ್ಯಾರಬಸ್ ಮತ್ತು ನೆಬ್ರಿಯ ಕುಲಗಳಲ್ಲಾದರೋ ಎರಡೂ ಮುಳ್ಳುಗಳು ತುದಿಯಲ್ಲಿಯೇ ಇರುತ್ತವೆ, ನಿಮ್ಮ ಚಿತ್ರದಲ್ಲಿ ಇರುವಂತೆ. ಆಯ್ಕೆ ಉಳಿಯುವುದು ಈ ಎರಡರ ನಡುವೆ. ಕ್ಯಾರಬಸ್‌ನ ಹೆಚ್ಚಿನ ಪ್ರಭೇದಗಳು 15 ಮಿ.ಮೀ.ಗಿಂತ ಉದ್ದ. ಅವುಗಳ ಮೇಲ್ರೆಕ್ಕೆಗಳಲ್ಲಿ ಸಾಮಾನ್ಯವಾಗಿ ಏಣುಗಳು, ಸರಪಳಿಯಂತಹ ಉಬ್ಬುಸಾಲುಗಳು, ಗುಳಿಗಳು ಬೆರೆತ ದಟ್ಟ ಕೆತ್ತನೆ ಇರುತ್ತದೆ. ನಿಮ್ಮ ಜೀರುಂಡೆಯ ಮೇಲ್ರೆಕ್ಕೆಯಲ್ಲಿ ಇರುವುದು ನೇರವಾದ, ಎಣಿಸಲು ಬರುವ ಗೀರುಗಳು ಮಾತ್ರ. ಎದೆಯ ಮೇಲ್ಫಲಕ ಮುಂದೆ ಅಗಲವಾಗಿ ಹಿಂದೆ ಸಟ್ಟನೆ ಕಿರಿದಾಗುವ ಹೃದಯದಾಕಾರದ್ದು. ಇದು ನೆಬ್ರಿಯ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಉತ್ತರಗೋಲಾರ್ಧದ ಪರ್ವತಗಳಲ್ಲಿ ಹಿಮದಂಚಿನ ಕಲ್ಲುಗಳ ನಡುವೆ, ತಣ್ಣನೆಯ ತೊರೆಗಳ ಪಕ್ಕದಲ್ಲಿ ಈ ಕುಲದವು ಧಾರಾಳವಾಗಿ ಇವೆ.

ಪ್ರಭೇದದ ಹೆಸರನ್ನು ಮಾತ್ರ ಚಿತ್ರದಿಂದ ಹೇಳಲಾಗದು. ಬಣ್ಣವನ್ನಂತೂ ನೆಚ್ಚಬೇಡಿ, ಕೋಶದಿಂದ ಆಗಷ್ಟೇ ಹೊರಬಂದ ಕರಿ ಜೀರುಂಡೆಯೂ ಕೆಲಕಾಲ ಮಾಸಲು ಕಂದಾಗಿರುತ್ತದೆ. ತಲೆ ಮತ್ತು ಎದೆಫಲಕದ ಅಂಚಿನಲ್ಲಿ ನಿಗದಿತ ಜಾಗಗಳಲ್ಲಿ ನೆಟ್ಟಂತೆ ನಿಂತ ಒಂಟಿ ಕೂದಲುಗಳ ಎಣಿಕೆ ಬಹಳ ನೆರವಾಗುತ್ತದೆ. ಕೂದಲು ಉದುರಿದ್ದರೂ ಅದು ಹುಟ್ಟಿದ್ದ ಗುಳಿ ಅಳಿಯುವುದಿಲ್ಲ, ಆದ್ದರಿಂದ ಭೂತಗನ್ನಡಿಯಲ್ಲಿ ಹುಡುಕಬೇಕಾದದ್ದು ಗುಳಿಯನ್ನು. ಕೊನೆಯ ತೀರ್ಪು ಗಂಡಿನ ಜನನಾಂಗದ್ದು. ಮುಂಗಾಲಿನ ಪಾದದ ಬುಡದ ಗೆಣ್ಣುಗಳು ಅಗಲವಾಗಿ, ಅಡಿಯಲ್ಲಿ ಅಂಟುಕೂದಲಿನ ಮೆತ್ತೆಯಿದ್ದರೆ ಅದು ಗಂಡು. ಸತ್ತು ಒಣಗಿದ ಮಾದರಿಯನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಉದರದ ತುದಿಯಿಂದ ಬಾಗಿದ ಕೊಳವೆಯಂತಹ ಆ ಅಂಗವನ್ನು ಸೂಜಿಯಿಂದ ಹೊರತೆಗೆದು, ಪಕ್ಕದಿಂದ ಅದರ ಬಾಗು ಮತ್ತು ತುದಿಯ ಆಕಾರವನ್ನು ನೋಡಬೇಕು. ಹೊರನೋಟಕ್ಕೆ ಅವಳಿಗಳಂತಿರುವ ಎಷ್ಟೋ ಪ್ರಭೇದಗಳು ಅಲ್ಲಿಯೇ ಬೇರೆಯಾಗುವುದು.

ಪ್ರಶ್ನೆ: ಅದು ಹಾರದಿರಲು ರೆಕ್ಕೆಗೆ ಪೆಟ್ಟಾಗಿರಬಹುದೇ? ಅಥವಾ ರೆಕ್ಕೆಯಿಲ್ಲದವೆಲ್ಲ ಒಂದೇ ಗುಂಪಿಗೆ ಸೇರಿದವೇ?

ಉತ್ತರ: ಪೆಟ್ಟಿನ ಗುರುತೇನೂ ಇಲ್ಲ. ಮೇಲ್ರೆಕ್ಕೆಗಳ ಹೆಗಲು ಇಳಿಜಾರಾಗಿದೆ. ಎದೆಯ ಹಿಂಬದಿಯ ಪಕ್ಕದ ತಟ್ಟೆ, ಹಾರುವ ಜೀರುಂಡೆಗಳಲ್ಲಿ ಉದ್ದವಾಗಿರುವಂಥದ್ದು, ಇಲ್ಲಿ ಗಿಡ್ಡವಾಗಿ ಹೆಚ್ಚುಕಡಿಮೆ ಚೌಕಾಕಾರಕ್ಕೆ ಬಂದಿದೆ. ಹಾರಲು ಬಳಸುವ ಒಳರೆಕ್ಕೆ ಕುಗ್ಗಿಹೋಗಿರುವುದರ ಹೊರಗುರುತುಗಳು ಇವು.

ಇದನ್ನು ನಂಟಸ್ತಿಕೆಯ ಪುರಾವೆಯೆಂದು ತೆಗೆದುಕೊಳ್ಳುವುದೇ ಪರ್ವತದ ಜೀರುಂಡೆಗಳ ವರ್ಗೀಕರಣದಲ್ಲಿ ಆಗುವ ದೊಡ್ಡ ಎಡವಟ್ಟು. ರೆಕ್ಕೆ ಕುಗ್ಗುವುದು ನೆಲಜೀರುಂಡೆಗಳ ಬೇರೆಬೇರೆ ಕವಲುಗಳಲ್ಲಿ ಮತ್ತೆಮತ್ತೆ ನಡೆದಿದೆ. ಹಾರಾಟದ ಸ್ನಾಯು ಇಲ್ಲವಾದಾಗ ಹೆಗಲು ಇಳಿಯುತ್ತದೆ, ಪಕ್ಕದ ತಟ್ಟೆ ಗಿಡ್ಡವಾಗುತ್ತದೆ, ಹೀಗೆ ಸಂಬಂಧವಿಲ್ಲದವುಗಳೂ ಒಂದೇ ಅಚ್ಚಿನಂತೆ ಕಾಣುತ್ತವೆ. ಪ್ಟೆರೋಸ್ಟಿಕಸ್ ಮೆಲನೇರಿಯಸ್ ಎಂಬ ಒಂದೇ ಪ್ರಭೇದದಲ್ಲಿ ಉದ್ದ ರೆಕ್ಕೆಯವೂ ಗಿಡ್ಡ ರೆಕ್ಕೆಯವೂ ಇವೆ. ಕಾರಣದ ಬಗ್ಗೆ ಹಳೆಯ ವಾದವೊಂದಿದೆ. ಅಟ್ಲಾಂಟಿಕ್ ಸಾಗರದ ಮಡೀರ ದ್ವೀಪದ 550 ಜೀರುಂಡೆ ಪ್ರಭೇದಗಳಲ್ಲಿ 200 ಹಾರಲಾರವು ಎಂಬ ಎಣಿಕೆಯನ್ನು ಮುಂದಿಟ್ಟು, ಹಾರುವವು ಗಾಳಿಗೆ ಸಿಕ್ಕಿ ಕಡಲಪಾಲಾಗಿರಬೇಕೆಂದು ಡಾರ್ವಿನ್ ಹೇಳಿದ. ಪರ್ವತ ಮತ್ತು ದ್ವೀಪಗಳ ನೆಲಜೀರುಂಡೆಗಳನ್ನು ಪರಿಶೀಲಿಸಿ 1943ರಲ್ಲಿ ಬರೆದ ಕೀಟತಜ್ಞ ಡಾರ್ಲಿಂಗ್ಟನ್, ಗಾಳಿಗಿಂತ ನೆಲೆಯ ಸ್ವಭಾವಕ್ಕೆ ಒತ್ತು ಕೊಟ್ಟ: ನೆಲೆ ಚಿಕ್ಕದಾಗಿ, ವರ್ಷದಿಂದ ವರ್ಷಕ್ಕೆ ಬದಲಾಗದೆ ಇದ್ದರೆ ರೆಕ್ಕೆಯ ಅಗತ್ಯವೇ ಬೀಳುವುದಿಲ್ಲ. ನಿಮ್ಮ ತೊರೆಯಂಚಿನ ಜೀರುಂಡೆಗೆ ನನಗೆ ಒಪ್ಪಿತವಾಗುವುದು ಎರಡನೆಯ ವಿವರಣೆಯೇ. ಮಾದರಿಯನ್ನು ಕಾಪಿಟ್ಟಿದ್ದರೆ, ಸಿಕ್ಕ ಎತ್ತರ ಮತ್ತು ತಾರೀಖನ್ನು ಚೀಟಿಯಲ್ಲಿ ಬರೆದು ಅದೇ ಸೂಜಿಗೆ ಚುಚ್ಚಿಡಿ.