ದುಬೈಯ ಚಿನ್ನದ ಕಂಪನಿಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ. ಬಂಡುಕೋರರ ಗಣಿಯಿಂದ ಬಂದ ಚಿನ್ನವನ್ನು ಗುರುತಿಸುವುದು ಹೇಗೆ?

ಇದೇ ಕೆಲಸಕ್ಕೆ ನಾನೂ 2014ರಲ್ಲಿ ಬಜ್ಪೆಯಿಂದ ವಿಮಾನ ಹತ್ತಿದವನು. ಊರು ಕಾಪು, ಓದಿದ್ದು ಬಿ.ಕಾಂ. ದೇರಾದಲ್ಲಿ ಒಂದು ಸಣ್ಣ ಆಫೀಸು.

ಆಫ್ರಿಕಾದಿಂದ ಚಿನ್ನದ ಗಟ್ಟಿಗಳು ಬರುತ್ತಿದ್ದವು. ಫಾರ್ಮಿನಲ್ಲಿ 'ಮೂಲ ದೇಶ' ಅಂತ ಒಂದು ಕಾಲಂ. ಬಿಲ್ಲು ಉಗಾಂಡಾದ ರಾಜಧಾನಿ ಕಂಪಾಲಾದ್ದು, ಸರಕು ಹತ್ತಿದ್ದು ಅಲ್ಲಿನ ಏರ್‌ಪೋರ್ಟ್ ಎಂಟೆಬೆಯಲ್ಲಿ. ನಾನು 'ಉಗಾಂಡಾ' ಅಂತ ಬರೆದೆ. ಅಷ್ಟೇ ತಪ್ಪು. ಸಣ್ಣದು ಅನಿಸುತ್ತದೆ, ಅಲ್ವಾ? ಆದರೆ ಹೊರಟ ಊರು ಬೇರೆ, ಹುಟ್ಟಿದ ಊರು ಬೇರೆ. ರತ್ನಗಿರಿ ಕಡೆ ಬಲೆಗೆ ಬಿದ್ದ ಬಂಗುಡೆಯೂ ಮಲ್ಪೆಯಲ್ಲಿ ಇಳಿದರೆ ಮಲ್ಪೆ ಬಂಗುಡೆಯೇ. ಉಗಾಂಡಾ ತಾನು ಅಗೆಯುವುದಕ್ಕಿಂತ ಎಷ್ಟೋ ಜಾಸ್ತಿ ಚಿನ್ನ ರಫ್ತು ಮಾಡುತ್ತದೆ. ಬಂಡುಕೋರ ಗುಂಪುಗಳಿರುವ ಪಕ್ಕದ ಪೂರ್ವ ಕಾಂಗೋದ ಚಿನ್ನ ಕಳ್ಳದಾರಿಯಲ್ಲಿ ಅಲ್ಲಿಗೆ ಬರುತ್ತದೆ. ಅದನ್ನು ಅಗೆದದ್ದೆಲ್ಲಿ ಅಂತ ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಎರಡು ವರ್ಷ ಸುಮ್ನೆ ಅದೇ ಪದ ಬರೆದೆ, ಕೆಳಗೆ ಸಹಿ ಹಾಕಿದೆ. ಬ್ಯಾಂಕಿನವರು ದಾಖಲೆ ಕೇಳಿ ಖಾತೆ ತಡೆಹಿಡಿದಾಗ ಧಣಿ ಬೊಟ್ಟು ಮಾಡಿದ್ದು ಆ ಸಹಿಗೆ. ನಾಲ್ಕು ತಿಂಗಳ ಸಂಬಳ ಹೋಯಿತು, ಕೆಲಸವೂ ಹೋಯಿತು.

ಹಾಗಾಗಿ ಚಿನ್ನ ನೋಡಿ ಗುರುತಿಸುವ ಆಸೆ ಬಿಡಿ. ಬೇರೆ ಚಿನ್ನದ ಜೊತೆ ಕರಗಿಸಿದ ಮೇಲೆ ಯಾವ ಅಕ್ಕಸಾಲಿಗೂ ಅದು ತಿಳಿಯುವುದಿಲ್ಲ. 'ಬಂಡುಕೋರರ ಗಣಿ' ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಗುಂಡಿ ಅಗೆಯುವವರು ಹೆಚ್ಚಾಗಿ ಬಡ ಕೂಲಿಗಳು. ಬಂದೂಕಿನವರದ್ದು ಟೋಲ್ ಗೇಟಿನ ವ್ಯಾಪಾರ. ಬಸ್ಸು ಯಾರದ್ದಾದರೇನು, ದುಡ್ಡು ಬಿದ್ದರಾಯಿತು. ಗುಂಡಿಗೆ ಇಳಿಯಲು ಇಷ್ಟು, ಕಿಲೋಗೆ ಇಷ್ಟು, ದಾರಿಗೆ ಅಡ್ಡ ಹಗ್ಗ ಕಟ್ಟಿ ಮತ್ತಷ್ಟು. ಚಿನ್ನವೇ ಆಗಬೇಕೆಂದಿಲ್ಲ. ಮೊಬೈಲಿಗೆ ಬೇಕಾದ ಕೋಲ್ಟಾನ್ ಅದಿರು ಸಿಗುವ ಪೂರ್ವ ಕಾಂಗೋದ ರುಬಾಯಾವನ್ನು ಎಂ23 ಅನ್ನುವ ಬಂಡುಕೋರ ಗುಂಪು 2024ರ ಏಪ್ರಿಲ್‌ನಲ್ಲಿ ಹಿಡಿಯಿತು. ಅಲ್ಲಿನ ವಸೂಲಿಯೇ ತಿಂಗಳಿಗೆ 8 ಲಕ್ಷ ಡಾಲರ್ ಅಂತ ವಿಶ್ವಸಂಸ್ಥೆಯ ತಜ್ಞರು ಬರೆದರು.

ಹೋಗಬೇಡಿ ಅನ್ನುವುದಿಲ್ಲ. ಮೊದಲ ದಿನವೇ ಗಣಿಯ ಹೆಸರು ಕೇಳಿ. 'ಅದೆಲ್ಲ ನಿಮಗ್ಯಾಕೆ' ಅಂದರೆ ಪೆನ್ನು ಮುಚ್ಚಿ, ಟಿಕೆಟ್ ಮಾಡಿಸಿ. ನಾನೀಗ ಕಾಪುವಿನಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತೇನೆ. ಸಿಮೆಂಟ್ ಚೀಲದ ಮೇಲೆ ಫ್ಯಾಕ್ಟರಿಯ ಹೆಸರು ಅಚ್ಚಾಗಿರುತ್ತದೆ, ಪುಣ್ಯಕ್ಕೆ.