ಜನೌಷಧಿ ಮಾತ್ರೆಗೆ ಪವರ್ ಇಲ್ವಾ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಗಂಟುನೋವು ಇದೆ, ಬಿಪಿ ಮಾತ್ರೆಯೂ ತಗೊಳ್ತಾರೆ. ನೋವು ಜಾಸ್ತಿಯಾದರೆ ಒಂದು ಡೋಲೊ 650 ನುಂಗುವುದು ರೂಢಿ. ಈ ಸಲ ನಾನು ಉಡುಪಿಯ ಜನೌಷಧಿ ಕೇಂದ್ರದಿಂದ ಪ್ಯಾರಸಿಟಮಾಲ್ ತಂದುಕೊಟ್ಟೆ. "ಇದಕ್ಕೆ ಪವರ್ ಇಲ್ಲ, ಮೆಡಿಕಲ್‌ನದ್ದೇ ತಾ" ಅನ್ನುತ್ತಿದ್ದಾರೆ. ಕಮ್ಮಿ ಬೆಲೆಯ ಮಾತ್ರೆ ಕೆಲಸ ಮಾಡುವುದಿಲ್ವಾ?
- ಓದುಗರು, ಬ್ರಹ್ಮಾವರ

ಉತ್ತರ: ಮೊದಲು ಆ ಸ್ಟ್ರಿಪ್ ತಿರುಗಿಸಿ ನೋಡಿ. 500 ಅಂತ ಇದೆಯಾ, 650 ಅಂತ ಇದೆಯಾ? ಸುಮ್ನೆ "ಪ್ಯಾರಸಿಟಮಾಲ್ ಕೊಡಿ" ಅಂದರೆ 500 ಮಿಲಿಗ್ರಾಂನದ್ದು ಕೈಗೆ ಬರಬಹುದು. ಹಾಗಾಗಿದ್ದರೆ ಅತ್ತೆ ಹೇಳಿದ್ದು ಸರಿಯೇ, ಆದರೆ ತಪ್ಪು ಜನೌಷಧಿಯದ್ದಲ್ಲ.

ಎರಡೂ 650 ಆಗಿದ್ದರೆ ಔಷಧ ಒಂದೇ. ಬ್ರಾಂಡಿನ ದೊಡ್ಡ ಹೆಸರಿನ ಹತ್ತಿರ ಸಣ್ಣಕ್ಷರದಲ್ಲಿ "ಪ್ಯಾರಸಿಟಮಾಲ್ ಟ್ಯಾಬ್ಲೆಟ್ಸ್ ಐಪಿ" ಅಂತ ಇರುತ್ತದೆ. ಜನೌಷಧಿ ಸ್ಟ್ರಿಪ್‌ನಲ್ಲೂ ಅದೇ. ಐಪಿ ಅಂದರೆ ಇಂಡಿಯನ್ ಫಾರ್ಮಕೊಪಿಯಾ. ಮಾತ್ರೆಯಲ್ಲಿ ಔಷಧ ಎಷ್ಟಿರಬೇಕು, ಅದು ಹೇಗೆ ಕರಗಬೇಕು ಅನ್ನುವ ಅಳತೆಗೋಲು ಅದರಲ್ಲಿದೆ. ಪ್ಯಾರಸಿಟಮಾಲ್ ಮೇಲೆ ಈಗ ಯಾರ ಪೇಟೆಂಟೂ ಇಲ್ಲ, ಹಾಗಾಗಿ ಕ್ರೋಸಿನ್, ಡೋಲೊ, ಕ್ಯಾಲ್ಪಾಲ್ ಎಲ್ಲವೂ ಒಂದು ಲೆಕ್ಕದಲ್ಲಿ ಹೆಸರಿಟ್ಟ ಜೆನೆರಿಕ್‌ಗಳೇ (ಪೇಟೆಂಟ್ ಮುಗಿದ ಮೇಲೆ ಬೇರೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧ)! ಬಣ್ಣ, ಆಕಾರ, ಬಾಯಿಗೆ ಸಿಗುವ ಕಹಿ ಬೇರೆ ಇರಬಹುದು, ಅಷ್ಟೇ.

ಬೆಲೆಯ ವಿಷಯ ನೇರವಾಗಿ ಹೇಳುತ್ತೇನೆ. ಪ್ಯಾರಸಿಟಮಾಲ್‌ಗೆ ಸರ್ಕಾರವೇ ಗರಿಷ್ಠ ಬೆಲೆ ನಿಗದಿ ಮಾಡಿದೆ, ಆದ್ದರಿಂದ ಅಪರೂಪಕ್ಕೊಂದು ಮಾತ್ರೆ ತಗೊಳ್ಳುವವರಿಗೆ ದೊಡ್ಡ ಉಳಿತಾಯವೇನೂ ಆಗದು. ಹೋಲಿಸುವಾಗ ಸ್ಟ್ರಿಪ್ ಬೆಲೆ ನೋಡಬೇಡಿ. ಒಂದರಲ್ಲಿ 10 ಮಾತ್ರೆ, ಇನ್ನೊಂದರಲ್ಲಿ 15 ಇರುತ್ತದೆ. ಬಿಪಿ ಮಾತ್ರೆಯಂಥ ದಿನಾ ನುಂಗುವ ಔಷಧದಲ್ಲಿ ಜನೌಷಧಿಯ ಲಾಭ ಚೆನ್ನಾಗಿ ಗೊತ್ತಾಗುತ್ತದೆ.

ನನಗೆ ಹೆದರಿಕೆ ಬೇರೆಯದ್ದು. ಅತ್ತೆ ನಾಳೆ ಮೆಡಿಕಲ್‌ಗೆ ಹೋಗಿ "ಪವರ್ ಇರುವುದು ಕೊಡಿ" ಅಂದರೆ, ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿಸಿದ ಮಾತ್ರೆ ಸಿಕ್ಕಿಬಿಡಬಹುದು. ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಇವೆಲ್ಲ ಒಂದೇ ಜಾತಿಯ ನೋವಿನ ಮಾತ್ರೆಗಳು. ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು, ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಈ ವಯಸ್ಸಿಗೆ ಬೇಡವೇ ಬೇಡ, ಡಾಕ್ಟರೇ ಹೇಳಿದರೆ ಮಾತು ಬೇರೆ. ಮಳೆಗಾಲದಲ್ಲಿ ಜ್ವರಕ್ಕಂತೂ ಇವನ್ನು ಮುಟ್ಟಬೇಡಿ, ನಮ್ಮ ಕಡೆ ಡೆಂಗಿ ಇರುತ್ತದಲ್ವಾ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಪ್ಯಾರಸಿಟಮಾಲ್ ಕೂಡ ಲೆಕ್ಕ ತಪ್ಪಿದರೆ ಲಿವರ್‌ಗೆ ಹಾಳು. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಕೊನೆಯ ಮಿತಿ, ಅಂದರೆ 650ರದ್ದು ಆರು ಮಾತ್ರೆ. ತೂಕ ಕಮ್ಮಿ ಇರುವ ಹಿರಿಯರಿಗೆ, ಲಿವರ್ ತೊಂದರೆ ಇರುವವರಿಗೆ, ದಿನಾ ಕುಡಿಯುವವರಿಗೆ ಅಷ್ಟೂ ಬೇಡ. ಶೀತಕ್ಕೆ ತಗೊಳ್ಳುವ ಎಷ್ಟೋ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಅತ್ತೆಗೆ ದಿನಾ ಮಾತ್ರೆ ಬೇಕಾಗುತ್ತಿದ್ದರೆ ಬ್ರಾಂಡ್ ಬದಲಿಸುವುದು ಬಿಟ್ಟು ಒಮ್ಮೆ ಗಂಟು ತೋರಿಸಿ ಬನ್ನಿ.

ಇನ್ನೊಂದು, ನಾಲ್ಕೇ ಮಾತ್ರೆ ತಗೊಳ್ಳುವಾಗ ಸ್ಟ್ರಿಪ್ ಕತ್ತರಿಸುತ್ತಾರಲ್ಲ, ಆಗ ಔಷಧದ ಹೆಸರು ಮತ್ತು ಎಕ್ಸ್‌ಪೈರಿ ತಾರೀಕು ಇರುವ ತುಂಡನ್ನೇ ಕೇಳಿ ತಗೊಳ್ಳಿ.