ಹಾಸ್ಟೆಲ್‌ನಲ್ಲಿದ್ದೇನೆ, ಲ್ಯಾಪ್‌ಟಾಪಿಗೆ ಯಾವ ಆ್ಯಂಟಿವೈರಸ್ ಕೊಳ್ಳಲಿ?

ಯಾವುದೂ ಬೇಡ. ವಿಂಡೋಸ್ 11ರಲ್ಲಿ ಡಿಫೆಂಡರ್ ಅನ್ನುವ ಆ್ಯಂಟಿವೈರಸ್ ಮೊದಲೇ ಇರುತ್ತದೆ. ಅಪ್‌ಡೇಟ್‌ಗಳನ್ನು ಮುಂದೂಡದೆ ಹಾಕಿಕೊಂಡರೆ ಓದುವ ಮಕ್ಕಳಿಗೆ ಅಷ್ಟು ಸಾಕು. ಎಂ.ಎಸ್ಸಿ. ಓದುವಾಗ ನಾನೂ ದುಡ್ಡು ಕೊಟ್ಟು ಆ್ಯಂಟಿವೈರಸ್ ಹಾಕಿಸಿದ್ದೆ. ತೊಂದರೆ ಬಂದಿದ್ದು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಿಂದ.

ಪ್ರಾಜೆಕ್ಟ್ ಸಿನಾಪ್ಸಿಸ್ ಪ್ರಿಂಟ್ ತೆಗೆಸಲು ಅಲ್ಲಿ ಜಿಮೇಲ್ ತೆರೆದೆ. ಹಿಂದೆ ಕ್ಯೂ ಇತ್ತು. ಪ್ರಿಂಟ್ ಬಂದ ಕೂಡಲೇ ಬ್ರೌಸರ್ ಮುಚ್ಚಿ ಎದ್ದೆ, ಸೈನ್ ಔಟ್ ಮಾಡಲಿಲ್ಲ. ಬ್ರೌಸರ್ ಮುಚ್ಚಿದ ಮಾತ್ರಕ್ಕೆ ಲಾಗಿನ್ ಹೋಗುವುದಿಲ್ಲ. ಆಮೇಲೆ ಕೂತವರಿಗೆ ನನ್ನ ಇನ್‌ಬಾಕ್ಸೇ ಸಿಕ್ಕಿದೆ. ಕೆಲವು ದಿನ ಕಳೆದ ಮೇಲೆ ರೂಂಮೇಟ್ ಬಂದು, ‘ಅರ್ಜೆಂಟಾಗಿ ದುಡ್ಡು ಬೇಕು ಅಂತ ಎಲ್ಲರಿಗೂ ಮೇಲ್ ಹಾಕಿದ್ದೀಯಲ್ಲೇ, ಏನಾಯ್ತು?’ ಎಂದು ಕೇಳಿದಳು. ಅಷ್ಟರಲ್ಲಿ ಜೂನಿಯರ್ ಒಬ್ಬಳು ದುಡ್ಡು ಕಳಿಸಿಯೂ ಆಗಿತ್ತು. ಅವತ್ತು ರಾತ್ರಿಯೇ ಪಾಸ್‌ವರ್ಡ್ ಬದಲಿಸಿ, ಎಲ್ಲ ಸರಿಹೋಯಿತು ಅಂದುಕೊಂಡೆ.

ನಿಜವಾದ ತಪ್ಪು ಅದು. ಒಳಗೆ ನುಗ್ಗಿದವರು ಸೆಟ್ಟಿಂಗ್ಸ್‌ನಲ್ಲಿ ಒಂದು ಫಿಲ್ಟರ್ ಮಾಡಿಟ್ಟಿದ್ದರು. ನಮ್ಮ ವಿಭಾಗದವರಿಂದ ಬರುವ ಮೇಲ್ ಎಲ್ಲ ಸೀದಾ ಟ್ರ್ಯಾಶ್‌ಗೆ. ‘ಇದು ನೀನೇನಾ?’ ಅಂತ ಯಾರಾದರೂ ಕೇಳಿದರೂ ನನಗೆ ಗೊತ್ತಾಗಬಾರದು, ಅದಕ್ಕೆ. ಪಾಸ್‌ವರ್ಡ್ ಬದಲಿಸಿದರೆ ಫಿಲ್ಟರ್ ಅಳಿಯುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಅದು ಕಾಣುವುದೂ ಇಲ್ಲ, ನಾನು ನೋಡುತ್ತಿದ್ದದ್ದು ಫೋನಿನಲ್ಲೇ. ಸಿನಾಪ್ಸಿಸ್ ತಿದ್ದಿ ಕೊಡಿ ಅಂತ ಗೈಡ್ ಕಳಿಸಿದ ಮೇಲ್‌ಗಳೂ ಅಲ್ಲಿಗೇ ಹೋದವು. ಟ್ರ್ಯಾಶ್‌ನಲ್ಲಿ 30 ದಿನ ಕಳೆದರೆ ಮೇಲ್ ಪೂರ್ತಿ ಅಳಿದುಹೋಗುತ್ತದೆ. ನಾನು ನೋಡುವಷ್ಟರಲ್ಲಿ ಹಳೆಯವು ಇರಲೇ ಇಲ್ಲ. ಕೊನೆಯ ದಿನಾಂಕ ತಪ್ಪಿತು, ಒಂದು ಸೆಮಿಸ್ಟರ್ ಹೋಯಿತು. ಗೈಡ್ ಮೇಡಂ ಮಾತ್ರ ನಾನು ಬೇಕಂತಲೇ ಉತ್ತರ ಕೊಡುತ್ತಿಲ್ಲ ಅಂತ ತುಂಬ ನೊಂದುಕೊಂಡಿದ್ದರು. ನನಗೆ ಸೆಮಿಸ್ಟರ್‌ಗಿಂತ ಅದೇ ಜಾಸ್ತಿ ನೋವು.

ಹಾಗಾಗಿ ಆ್ಯಂಟಿವೈರಸ್ ಹುಡುಕುವುದು ಬಿಟ್ಟು, ಇವತ್ತೇ ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು ಫಿಲ್ಟರ್, ಫಾರ್ವರ್ಡಿಂಗ್ (ನಿಮ್ಮ ಮೇಲ್ ತಾನಾಗಿ ಬೇರೆ ವಿಳಾಸಕ್ಕೆ ಹೋಗುವ ಏರ್ಪಾಡು) ಎರಡನ್ನೂ ನೋಡಿ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಗುರುತಿಲ್ಲದ ಸಾಧನ ಕಂಡರೆ ಸೈನ್ ಔಟ್ ಮಾಡಿ. ರಿಕವರಿ ನಂಬರ್ ನಿಮ್ಮದೇ ಅಲ್ವಾ ಅಂತ ನೋಡಿಕೊಳ್ಳಿ. ಪಾಸ್‌ವರ್ಡ್ ಜೊತೆಗೆ ಫೋನಿನಲ್ಲೂ ಖಚಿತಪಡಿಸಲು ಕೇಳುವ ಟೂ ಸ್ಟೆಪ್ ಹಾಕಿಕೊಳ್ಳಲೇಬೇಕು, ಆದರೆ ತೆರೆದಿಟ್ಟು ಬಂದ ಖಾತೆಯನ್ನು ಅದೂ ಕಾಯುವುದಿಲ್ಲ. ಯಾರಾದರೂ ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಆ ಜೂನಿಯರ್‌ಗೆ ಇದನ್ನು ಹೇಳಲು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಪ್ರಿಂಟ್‌ಗೆ ಪಿಡಿಎಫ್ ಮಾತ್ರ ಇರುವ ಬೇರೆ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅಂಗಡಿಯಿಂದ ತಂದ ಮೇಲೆ ಅದರಲ್ಲಿ ನೀವು ಮಾಡಿರದ ಶಾರ್ಟ್‌ಕಟ್ ಕಂಡರೆ ಒತ್ತಬೇಡಿ, ಸುಮ್ನೆ ಫಾರ್ಮ್ಯಾಟ್ ಮಾಡಿ.